ಕೆಲಸ ಬಲ್ಲವರು, ಆದರೆ ಹೊಸಬರನ್ನು ನಿಲ್ಲಗೊಡುವುದಿಲ್ಲ: ಇಂಥ ಸದಸ್ಯರ ವಿಷಯದಲ್ಲಿ ಏನು ಮಾಡುವುದು?

ಪ್ರಶ್ನೆ: ಕಡತಪಾಲಕ

ಎಲ್ಲರಿಗೂ ನಮಸ್ಕಾರ. ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದಿಸುವ ಒಂದು ಸಣ್ಣ ಸ್ವಯಂಸೇವಕರ ಬಳಗದ ಮೂವರು ನಿರ್ವಾಹಕರಲ್ಲಿ ನಾನೂ ಒಬ್ಬ. ನಮ್ಮ ಟೆಲಿಗ್ರಾಮ್ ಗುಂಪಿನಲ್ಲಿ 60ಕ್ಕೂ ಹೆಚ್ಚು ಜನರಿದ್ದರೂ ಕುಳಿತು ಸಾಲು ಸಾಲಾಗಿ ಅನುವಾದಿಸುವವರು, ಬೇರೆಯವರು ಮಾಡಿದ್ದನ್ನು ನೋಡಿ ತಿದ್ದುವವರು 10 ಮಂದಿಗಿಂತ ಹೆಚ್ಚಿಲ್ಲ. ಯಾರಿಗೂ ಸಂಬಳವಿಲ್ಲ, ರಾತ್ರಿ ಊಟವಾದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಮಾಡುವ ಕೆಲಸವಿದು.

ಈ ಹತ್ತು ಮಂದಿಯಲ್ಲಿ ಒಬ್ಬರನ್ನು ಇಲ್ಲಿ ‘ಹಿರಿಯರು’ ಎಂದು ಕರೆಯುತ್ತೇನೆ. ಕಳೆದ ನಾಲ್ಕು ವರ್ಷಗಳಲ್ಲಿ ನಮ್ಮ ಒಟ್ಟು ಅನುವಾದದ ಮೂರನೇ ಒಂದು ಭಾಗವನ್ನು ಅವರೊಬ್ಬರೇ ಮಾಡಿದ್ದಾರೆ. ಯೂನಿಕೋಡ್, ಫಾಂಟ್, ಒತ್ತಕ್ಷರಗಳ ವಿಷಯದಲ್ಲಿ ನಮ್ಮಲ್ಲಿ ಅವರಷ್ಟು ತಿಳಿದವರು ಇಲ್ಲ. ಆದರೆ ಹೊಸಬರು ಯಾರೇ ಬರಲಿ, ಅವರ ಮೊದಲ ಕೆಲಸದ ಮೇಲೆಯೇ ಇವರು ಮುಖಕ್ಕೆ ಹೊಡೆದಂತೆ ಮಾತನಾಡುತ್ತಾರೆ.

ಕಳೆದ ತಿಂಗಳು ನಡೆದದ್ದನ್ನು ಹೇಳುತ್ತೇನೆ. ಒಂದು ತಾಲ್ಲೂಕು ಕೇಂದ್ರದ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಮೊದಲ ಬಾರಿಗೆ 42 ಸಾಲುಗಳನ್ನು ಅನುವಾದಿಸಿ ಸಲ್ಲಿಸಿದ. ಅದರಲ್ಲಿ 9 ಕಡೆ ತಪ್ಪಿತ್ತು, ಎಲ್ಲವೂ ಒಂದೇ ಬಗೆಯ ತಪ್ಪು. ‘ಫೈಲ್‌ಗಳು’ ಎಂದು ಬರೆಯುವಾಗ ‘ಲ್’ ಮತ್ತು ‘ಗ’ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಅಕ್ಷರವನ್ನು ಹಾಕಬೇಕು. ಅದನ್ನು ಹಾಕದಿದ್ದರಿಂದ ಗಕಾರವು ಒತ್ತಾಗಿ ಕೆಳಗಿಳಿದು ‘ಫೈಲ್ಗಳು’ ಎಂದಾಗಿತ್ತು. ‘ಫೋಲ್ಡರ್ಗಳು’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಗಕಾರದ ಪಕ್ಕಕ್ಕೆ ಹೋಗಿ ಕುಳಿತಿತ್ತು. ಹಿರಿಯರು 42 ಸಾಲುಗಳನ್ನೂ ಒಂದೇ ಏಟಿಗೆ ತಿರಸ್ಕರಿಸಿ, ಎಲ್ಲರೂ ನೋಡುವ ಗುಂಪಿನಲ್ಲಿ ಹೀಗೆ ಬರೆದರು: “ಒತ್ತಕ್ಷರ ಬರೆಯಲು ಬಾರದವರು ಅನುವಾದಕ್ಕೆ ಕೈಹಾಕಬಾರದು. ಮೊದಲು ಒಂದನೇ ತರಗತಿಗೆ ಹೋಗಿ ಬನ್ನಿ.” ಆ ಹುಡುಗ “ಸರಿ ಸರ್, ಕ್ಷಮಿಸಿ” ಎಂದು ಬರೆದು ಅದೇ ರಾತ್ರಿ ಗುಂಪನ್ನು ಬಿಟ್ಟುಹೋದ.

ನಾನು ಹಿರಿಯರ ಆ ಸಂದೇಶವನ್ನು ಅಳಿಸಿದೆ. ಅದು ಇನ್ನೊಂದು ಜಗಳಕ್ಕೆ ದಾರಿಯಾಯಿತು. ರಾತ್ರಿ ಒಂದು ಗಂಟೆಯವರೆಗೆ ಅವರು 17 ಸಂದೇಶ ಬರೆದರು. ನಾನು ಸೆನ್ಸಾರ್ ಮಾಡುತ್ತಿದ್ದೇನೆ, ಗುಣಮಟ್ಟವನ್ನು ಬಲಿ ಕೊಡುತ್ತಿದ್ದೇನೆ, ಕನ್ನಡದ ಬಗ್ಗೆ ಕಾಳಜಿ ಇಲ್ಲದವರು ನಿರ್ವಾಹಕರಾಗಿದ್ದಾರೆ, ಹೀಗೆ. ಮರುದಿನದಿಂದ ಗುಂಪಿನಲ್ಲಿ ಯಾರೂ ಮಾತನಾಡುತ್ತಿಲ್ಲ. ಇನ್ನೊಬ್ಬ ನಿರ್ವಾಹಕರು “ಹಾಲು ಕರೆಯುವ ಹಸು ಒದ್ದರೆ ಒದೆಸಿಕೊಳ್ಳಬೇಕಪ್ಪ” ಎನ್ನುತ್ತಾರೆ. ಮೂರನೆಯವರು ಈಗಿಂದೀಗಲೇ ತೆಗೆದುಹಾಕೋಣ ಎನ್ನುತ್ತಾರೆ. ನನಗೆ ಎರಡೂ ಸರಿ ಎನ್ನಿಸುತ್ತಿಲ್ಲ. ತಾಂತ್ರಿಕ ಬಳಗಗಳನ್ನು ನಡೆಸಿದ ಅನುಭವವಿರುವವರು ಇಂಥ ಸಂದರ್ಭವನ್ನು ಹೇಗೆ ನಿಭಾಯಿಸಿದಿರಿ, ಯಾವ ಹೆಜ್ಜೆಯಿಂದ ತೊಡಗಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಹಳೆಯ ಪ್ಯಾಚು

ಕಡತಪಾಲಕರೇ, ನಿಮ್ಮ ಗೆಳೆಯರ ಗಾದೆಯಿಂದಲೇ ತೊಡಗುತ್ತೇನೆ. ಹಸುವಿನ ಒದೆ ತಿನ್ನುವವನು ಮತ್ತು ಹಾಲು ಕುಡಿಯುವವನು ಒಬ್ಬನೇ ಆಗಿದ್ದರೆ ಆ ಗಾದೆ ಸರಿ. ನಿಮ್ಮಲ್ಲಿ ಹಾಲು ನಿರ್ವಾಹಕರಿಗೆ, ಒದೆ ಆ ಡಿಪ್ಲೊಮಾ ಹುಡುಗನಿಗೆ.

ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಒಂದು ಸಣ್ಣ ಲೈಬ್ರರಿಯ ನಿರ್ವಹಣೆಯನ್ನು ನಾನು ಹದಿನೈದು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಇಂಥ ಪ್ರಸಂಗಗಳಲ್ಲಿ ನಾವೆಲ್ಲ ಮಾಡುವ ಮೊದಲ ತಪ್ಪು ಲೆಕ್ಕದ್ದು. ಆ ಸದಸ್ಯ ಎಷ್ಟು ಸಾಲು ಬರೆದ ಎಂಬುದು ಪರದೆಯ ಮೇಲೆ ಕಾಣುತ್ತದೆ; ಅವನಿಂದಾಗಿ ಬರೆಯದೇ ಉಳಿದ ಸಾಲುಗಳು ಎಲ್ಲೂ ಕಾಣುವುದಿಲ್ಲ. ಆ 17 ಸಂದೇಶಗಳ ರಾತ್ರಿ ನೀವು ಎಷ್ಟು ಅನುವಾದ ಮಾಡಿದಿರಿ, ಮರುದಿನ ಆಫೀಸಿನಲ್ಲಿ ಎಷ್ಟು ಹೊತ್ತು ಅದನ್ನೇ ಯೋಚಿಸಿದಿರಿ, ನಿಮ್ಮ ಮೂವರ ನಡುವೆ ಈ ಬಗ್ಗೆ ಎಷ್ಟು ಫೋನ್ ಕರೆಗಳಾದವು ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಸಬ್‌ವರ್ಷನ್ ಎಂಬ, ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶದ ಇಬ್ಬರು ಅಭಿವೃದ್ಧಿಗಾರರಾದ ಬ್ರಿಯಾನ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಬೆನ್ ಕಾಲಿನ್ಸ್-ಸಸ್ಮನ್ 2007ರಲ್ಲೇ ಒಂದು ಉಪನ್ಯಾಸದಲ್ಲಿ ಇದನ್ನು ಹೇಳಿದ್ದರು: ಬಳಗವೊಂದು ಕಾಪಾಡಿಕೊಳ್ಳಬೇಕಾದದ್ದು ಜನರ ಗಮನವನ್ನು ಮತ್ತು ಏಕಾಗ್ರತೆಯನ್ನು. ಬೈಯುವವರು ಮಾತ್ರವಲ್ಲ, ಬಹಳ ವಿನಯದಿಂದ ಒಂದೇ ವಾದವನ್ನು ಮತ್ತೆ ಮತ್ತೆ ಎತ್ತುವವರೂ ಅದನ್ನು ತಿಂದುಹಾಕುತ್ತಾರೆ ಎಂಬುದು ಅವರ ಮಾತಿನ ಒಂದು ಮುಖ್ಯ ಅಂಶವಾಗಿತ್ತು. ನಿಮ್ಮ ಹಿರಿಯರಲ್ಲಿ ಈ ಎರಡೂ ಗುಣ ಇರುವಂತೆ ಕಾಣುತ್ತದೆ, ವಿನಯವೊಂದನ್ನು ಬಿಟ್ಟು.

“ಅವರಿಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ” ಎಂಬ ಭಯಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನದು. ಅಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರ ಬೈಗುಳ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಕೆಲವರು ಅದನ್ನೇ ಗುಣಮಟ್ಟದ ಗುಟ್ಟು ಎಂದು ನಂಬಿದ್ದರು. 2015ರಲ್ಲಿ ಅಲ್ಲಿ ‘ಕೋಡ್ ಆಫ್ ಕಾನ್‌ಫ್ಲಿಕ್ಟ್’ ಎಂಬ, ಹೇಗೆ ನಡೆದುಕೊಳ್ಳಬೇಕು ಎನ್ನುವ ಪುಟ್ಟ ಟಿಪ್ಪಣಿಯೊಂದು ಸೇರಿತು. ಅದರಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 2018ರ ಸೆಪ್ಟೆಂಬರ್ 16ರಂದು ಟೋರ್ವಾಲ್ಡ್ಸ್ ಅವರೇ ತಮ್ಮ ಇಮೇಲ್‌ಗಳಲ್ಲಿನ ದಾಳಿಗಳಿಗಾಗಿ ಕ್ಷಮೆ ಕೇಳಿ, ಕೆಲ ಕಾಲ ದೂರವಿದ್ದು ನಡತೆ ತಿದ್ದಿಕೊಳ್ಳಲು ನೆರವು ಪಡೆಯುವುದಾಗಿ ಬರೆದರು. ಅದೇ ಹೊತ್ತಿಗೆ ಹಳೆಯ ಟಿಪ್ಪಣಿಯ ಜಾಗಕ್ಕೆ, ಅನೇಕ ಮುಕ್ತ ತಂತ್ರಾಂಶ ಯೋಜನೆಗಳು ಬಳಸುವ ‘ಕಾಂಟ್ರಿಬ್ಯೂಟರ್ ಕೊವೆನೆಂಟ್’ ಎಂಬ ಮಾದರಿಯನ್ನು ಆಧರಿಸಿದ ನಡವಳಿಕೆ ಸಂಹಿತೆ ಬಂತು. ಅಕ್ಟೋಬರ್ 22ರಂದು 4.19 ಆವೃತ್ತಿಯನ್ನು ಇನ್ನೊಬ್ಬ ಪ್ರಮುಖ ನಿರ್ವಾಹಕ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಬಿಡುಗಡೆ ಮಾಡಿದರು. ಆಮೇಲೆ ಟೋರ್ವಾಲ್ಡ್ಸ್ ಮರಳಿ ಬಂದು ಕೆಲಸ ಮುಂದುವರಿಸಿದರು. ಕರ್ನೆಲ್ ಸೃಷ್ಟಿಸಿದವರೇ ಒಂದು ತಿಂಗಳು ಇಲ್ಲದಿದ್ದರೂ ಕರ್ನೆಲ್ ನಿಲ್ಲಲಿಲ್ಲ. ನಿಮ್ಮ ಅನುವಾದದ ವೇಗ ಆರು ತಿಂಗಳು ಕುಗ್ಗಬಹುದು, ಅಷ್ಟೆ.

ಹಾಗೆಂದು ನಾಳೆಯೇ ತೆಗೆದುಹಾಕಿ ಎಂದು ಹೇಳುತ್ತಿಲ್ಲ. ನಾಲ್ಕು ವರ್ಷ ಯಾರೂ ಏನೂ ಹೇಳದೆ, ಒಂದು ದಿನ ಏಕಾಏಕಿ ಹೊರಗೆ ಹಾಕಿದರೆ ಅದು ನ್ಯಾಯವೂ ಅಲ್ಲ, ಮಿಕ್ಕವರಿಗೆ ಅದರ ಅರ್ಥವೂ ಆಗುವುದಿಲ್ಲ. ಕಾಂಟ್ರಿಬ್ಯೂಟರ್ ಕೊವೆನೆಂಟ್‌ನ 2020ರ ಎರಡನೇ ಆವೃತ್ತಿಯಲ್ಲಿ ತಿದ್ದುವಿಕೆ, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ ಎಂಬ ನಾಲ್ಕು ಮೆಟ್ಟಿಲುಗಳಿವೆ. ನೀವಿನ್ನೂ ಮೊದಲನೆಯದನ್ನೇ ಏರಿಲ್ಲ. ಖಾಸಗಿಯಾಗಿ ಒಂದು ಪತ್ರ ಬರೆಯಿರಿ, ಮೂವರೂ ಹೆಸರು ಹಾಕಿ. ಅದರಲ್ಲಿ “ನೀವು ಒರಟರು” ಎಂಬ ಮಾತು ಎಲ್ಲಿಯೂ ಬರಬಾರದು. ಸ್ವಭಾವದ ಬಗ್ಗೆ ಬರೆದರೆ ಅವರು ಸ್ವಭಾವದ ಬಗ್ಗೆಯೇ ವಾದಿಸುತ್ತಾರೆ, ಆ ವಾದ ಎಂದಿಗೂ ಮುಗಿಯುವುದಿಲ್ಲ. ಯಾವ ದಿನ, ಯಾವ ವಾಕ್ಯ, ಅದರ ನಂತರ ಏನಾಯಿತು, ಇನ್ನು ಮುಂದೆ ಆ ಜಾಗದಲ್ಲಿ ಏನನ್ನು ನಿರೀಕ್ಷಿಸುತ್ತೀರಿ, ಮರುಕಳಿಸಿದರೆ ಎಷ್ಟು ದಿನ ಬರೆಯುವ ಅವಕಾಶ ಇರುವುದಿಲ್ಲ, ಇಷ್ಟನ್ನು ಮಾತ್ರ ಬರೆಯಿರಿ. ಗಡುವು ಹೇಳದ ಎಚ್ಚರಿಕೆಯನ್ನು ನಾನೇ ಮೂರು ಬಾರಿ ಕೊಟ್ಟು ಮೂರು ಬಾರಿಯೂ ಕೈ ಸುಟ್ಟುಕೊಂಡಿದ್ದೇನೆ.

ಇನ್ನೊಂದು ಸಣ್ಣ ಮಾತು. ಸಂದೇಶವನ್ನು ಸದ್ದಿಲ್ಲದೆ ಅಳಿಸಬೇಡಿ. ಅಳಿಸಿದರೆ, ಅಲ್ಲಿಯೇ “ವೈಯಕ್ತಿಕ ನಿಂದನೆ ಇದ್ದುದರಿಂದ ಈ ಸಂದೇಶವನ್ನು ತೆಗೆಯಲಾಗಿದೆ, ತಾಂತ್ರಿಕ ಆಕ್ಷೇಪ ಸರಿಯಾಗಿಯೇ ಇದೆ, ಅದು ಹೀಗಿದೆ” ಎಂದು ನಿಮ್ಮ ಹೆಸರಿನಲ್ಲಿ ಬರೆಯಿರಿ. ಹಾಗೆ ಬರೆದಿದ್ದರೆ ಸೆನ್ಸಾರ್ ಎಂಬ ಕೂಗಿನ ಅರ್ಧ ಬಲ ಅಲ್ಲಿಯೇ ಹೋಗುತ್ತಿತ್ತು. ಟೆಲಿಗ್ರಾಮ್‌ನ ಸ್ಲೋ ಮೋಡ್ (ಪ್ರತಿ ಸಂದೇಶದ ನಂತರ ಸದಸ್ಯರನ್ನು ಕಾಯಿಸುವ ಏರ್ಪಾಡು) ಹಚ್ಚುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಒಬ್ಬರ ತಪ್ಪಿಗೆ 60 ಜನರು ಕಾಯಬೇಕಾಗುತ್ತದೆ. ಒಬ್ಬ ಸದಸ್ಯರಿಗೆ ಮಾತ್ರ ಇಂತಿಷ್ಟು ದಿನ ಬರೆಯುವ ಅನುಮತಿಯನ್ನು ತಡೆಯುವ ಅನುಕೂಲ ಅದರಲ್ಲಿದೆ.

ಉತ್ತರ: ಬಿಟ್ಟು ಬಂದವಳು

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಅದರಲ್ಲಿ ಪತ್ರ ಹೋಗುವುದು ಹಿರಿಯರಿಗೆ. ನಿಮ್ಮ ಪ್ರಶ್ನೆಯಲ್ಲಿ ಇನ್ನೂ ಒಬ್ಬರಿದ್ದಾರೆ, ಆ ವಿದ್ಯಾರ್ಥಿ. ಅವನಿಗೆ ಯಾರಾದರೂ ಫೋನ್ ಮಾಡಿದಿರಾ? ಪ್ರಶ್ನೆಯನ್ನು ಎರಡು ಬಾರಿ ಓದಿದೆ, ಆ ವಿಷಯ ಎಲ್ಲಿಯೂ ಸಿಗಲಿಲ್ಲ.

ನಾನು ಅಂಥದೇ ಜಾಗದಲ್ಲಿ ಇದ್ದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಪ್ರೋಗ್ರಾಮಿಂಗ್ ಬಳಗವೊಂದರ ಗುಂಪಿಗೆ ಸೇರಿದ್ದೆ. ಒಂದು ದಿನ ನನ್ನ ಪ್ರೋಗ್ರಾಮ್ ಮೆಮೊರಿಯನ್ನು ಏಕೆ ಬಿಟ್ಟುಕೊಡುತ್ತಿಲ್ಲ ಎಂದು ಕೋಡಿನ ಸಮೇತ ಕೇಳಿದೆ. ಗುಂಪಿನಲ್ಲಿ ಬಹಳ ಗೌರವ ಪಡೆದಿದ್ದ ಒಬ್ಬರು “ಮ್ಯಾನ್ಯುಯಲ್ ಓದುವ ಅಭ್ಯಾಸ ಇದೆಯೋ ಇಲ್ಲವೋ” ಎಂದರು. ಅದಕ್ಕೆ ಹನ್ನೊಂದು ಜನ ನಗುವ ಚಿತ್ರ ಹಾಕಿದರು. ಬೈದವರ ಹೆಸರು ಈಗ ನನಗೆ ನೆನಪಿಲ್ಲ, ಆದರೆ ಆ ಹನ್ನೊಂದು ಎಂಬ ಅಂಕಿ ನೆನಪಿದೆ. ಅಷ್ಟು ಜನರಲ್ಲಿ ಒಬ್ಬರು “ಪ್ರಶ್ನೆ ಸರಿಯಾಗಿದೆ, 30ನೇ ಸಾಲು ನೋಡಿ” ಎಂದಿದ್ದರೆ ನಾನು ಆ ಗುಂಪಿನಲ್ಲಿ ಇಂದಿಗೂ ಇರುತ್ತಿದ್ದೆ. ನಿಮ್ಮ ಗುಂಪಿನಲ್ಲಿಯೂ ಆ ಹುಡುಗ ನೋಡಿದ್ದು ಹಿರಿಯರ ಒಂದು ಸಂದೇಶವನ್ನು ಮಾತ್ರವಲ್ಲ, ಅದರ ಕೆಳಗೆ 60 ಜನರು ಸುಮ್ಮನಿದ್ದುದನ್ನು ಕೂಡ. ನೀವು ಅಳಿಸಿದ್ದನ್ನು ಅವನು ನೋಡಿದನೋ ಇಲ್ಲವೋ, ಯಾರಿಗೆ ಗೊತ್ತು?

ಆದ್ದರಿಂದ ಮೊದಲು ಅವನೊಂದಿಗೆ ಮಾತನಾಡಿ. ಮರಳಿ ಬಾ ಎಂದು ಒತ್ತಾಯ ಮಾಡಬೇಡಿ. 42ರಲ್ಲಿ 33 ಸಾಲುಗಳು ಸರಿಯಾಗಿದ್ದವು, ಅವನ್ನು ನಾವು ತೆಗೆದುಕೊಳ್ಳುತ್ತಿದ್ದೇವೆ, ಉಳಿದ 9ರಲ್ಲಿ ಆದ ತಪ್ಪು ಇಂಥದ್ದು, ಇದು ಕೀಲಿಮಣೆಯಲ್ಲಿ ಯಾರೂ ಹೇಳಿಕೊಡದ ವಿಷಯ ಎಂದು ತಿಳಿಸಿ. ಅವನ ಹೆಸರಿನಲ್ಲಿಯೇ ಆ 33 ಸಾಲು ಸೇರಲಿ.

ಇನ್ನೊಂದನ್ನು ಹೇಳಲೇಬೇಕು. ನನ್ನ ವಿಷಯದಲ್ಲಿ ಅದು ಗುಂಪಿನ ಸಂದೇಶಕ್ಕೆ ನಿಲ್ಲಲಿಲ್ಲ. ಆ ರಾತ್ರಿ ಹನ್ನೊಂದು ಗಂಟೆಯ ಮೇಲೆ ಗುಂಪಿನ ಇನ್ನೊಬ್ಬ ಸದಸ್ಯನಿಂದ, ಸಹಾಯ ಮಾಡುವ ನೆಪದಲ್ಲಿ, ಬೇಡವೆಂದರೂ ಖಾಸಗಿ ಸಂದೇಶಗಳು ಬರತೊಡಗಿದವು. ನಿರ್ವಾಹಕರಿಗೆ ಹೇಳಿದಾಗ “ಅವನು ಸ್ವಲ್ಪ ಹಾಗೆಯೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ” ಎಂಬ ಉತ್ತರ ಸಿಕ್ಕಿತು. ಒರಟುತನಕ್ಕೆ ನಾಲ್ಕು ಮೆಟ್ಟಿಲುಗಳಿರಲಿ. ಬೇಡವೆಂದ ಮೇಲೂ ಹೆಣ್ಣುಮಗಳ ಬೆನ್ನುಬೀಳುವುದಕ್ಕೆ ಮೆಟ್ಟಿಲುಗಳ ಅಗತ್ಯವಿಲ್ಲ. ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿಗೆ ಬರುವ ಅಪರಾಧ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದಾದದ್ದು. ನಿಮ್ಮ ಹಿರಿಯರು ಹಾಗೆ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಗುಂಪಿನ ಹೊರಗೆ ಏನಾಗಿದೆ ಎಂದು ಬಿಟ್ಟುಹೋದವರನ್ನು ಕೇಳದೆ ನಿರ್ವಾಹಕರಿಗೆ ತಿಳಿಯುವುದಿಲ್ಲ. ಕಳೆದ ವರ್ಷ ಬಿಟ್ಟುಹೋದವರ ಪಟ್ಟಿ ತೆಗೆದು, ಒಬ್ಬೊಬ್ಬರನ್ನೂ ಏಕೆ ಹೋದಿರಿ ಎಂದು ಕೇಳಿ ನೋಡಿ.

ಉತ್ತರ: ಅರ್ಕಾವೊತ್ತು

ನಾನು ಸ್ವಲ್ಪ ಬೇರೆ ದಿಕ್ಕಿನಿಂದ ಬರೆಯುತ್ತೇನೆ, ಏಕೆಂದರೆ ಒಂದು ಕಾಲದಲ್ಲಿ ಇನ್ನೊಂದು ಬಳಗದಲ್ಲಿ ಆ ‘ಹಿರಿಯರು’ ನಾನೇ ಆಗಿದ್ದೆ. ಹಳೆಯ ಪ್ಯಾಚು ಅವರು ಹೇಳಿದಂಥ ಪತ್ರವೊಂದು ನನಗೂ ಬಂದಿತ್ತು. ಓದಿದ ದಿನ ಅಪಾರ ಸಿಟ್ಟು ಬಂತು. ಒಂದು ವಾರ ಉತ್ತರ ಬರೆಯಲಿಲ್ಲ. ಅದರಲ್ಲಿ ನನ್ನದೇ ಆರು ವಾಕ್ಯಗಳನ್ನು ದಿನಾಂಕದೊಂದಿಗೆ ಒಂದರ ಕೆಳಗೊಂದು ಬರೆದಿದ್ದರು. ಬಿಡಿಬಿಡಿಯಾಗಿ ಬರೆದಾಗ ಒಂದೊಂದೂ ನನಗೆ ನ್ಯಾಯವಾಗಿಯೇ ಕಂಡಿತ್ತು, ಒಟ್ಟಿಗೆ ಓದಿದಾಗ ಬೇರೆ ಯಾರೋ ಬರೆದಂತಿತ್ತು.

ಆದರೆ ಆ ಸಿಟ್ಟು ಎಲ್ಲಿಂದ ಬರುತ್ತದೆ ಎಂಬುದನ್ನೂ ನೀವು ನೋಡಬೇಕು. ಕಣ್ಣಿಗೆ ಕಾಣದ ಆ ಅಕ್ಷರವನ್ನು ಮರೆತ ಅನುವಾದವನ್ನು ಹಿರಿಯರು ನಾಲ್ಕು ವರ್ಷಗಳಲ್ಲಿ ಎಷ್ಟು ಬಾರಿ ತಿದ್ದಿರಬಹುದು? ನಿಮ್ಮ ಬಳಗದಲ್ಲಿ ಹೊಸಬರಿಗೆ ಅದನ್ನು ಹೇಳುವ ಒಂದು ಪುಟದ ಬರಹವಾದರೂ ಇದೆಯೇ? ‘ರ‍್ಯಾಂಕ್’ ಎಂದು ಬರೆಯಲು ರಕಾರದ ನಂತರ ಝೀರೋ ವಿಡ್ತ್ ಜಾಯ್ನರ್ ಎಂಬ ಇನ್ನೊಂದು ಕಾಣದ ಅಕ್ಷರವನ್ನು ಹಾಕಬೇಕು, ‘ಸೂರ್ಯ’ ಎಂದು ಬರೆಯಲು ಹಾಕಬಾರದು ಎಂಬುದು ಶಾಲೆಯಲ್ಲಿ ಹೇಳಿಕೊಡುವ ವಿಷಯವಲ್ಲ. ತಿದ್ದುವ ಕೆಲಸ ಒಬ್ಬರ ತಲೆಯ ಮೇಲೆಯೇ ಬಿದ್ದಿದ್ದರೆ, ಅದನ್ನು ಹಂಚಿಕೊಳ್ಳದೆ ಬರಿಯ ನಡತೆಯ ಬಗ್ಗೆ ಪತ್ರ ಬರೆದರೆ, ಅವರು “ಚಾಕರಿಗೆ ನಾನು ಬೇಕು, ಮಾತಿಗೆ ಬೇಡ” ಎಂದುಕೊಳ್ಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವೂ ಇರುತ್ತದೆ. ವ್ಯಂಜನದ ಅರ್ಧಾಕ್ಷರದ ಮುಂದೆ ಪ್ರತ್ಯಯ ನೇರವಾಗಿ ಅಂಟಿಕೊಂಡಿದ್ದರೆ ಎಚ್ಚರಿಸುವ ಒಂದು ಚಿಕ್ಕ ಪ್ರೋಗ್ರಾಮ್, ಅಂದರೆ ಸ್ಕ್ರಿಪ್ಟ್ ಬರೆಯುವುದು ಒಂದು ಸಂಜೆಯ ಕೆಲಸ. ಯಂತ್ರ ಹಿಡಿಯುವ ತಪ್ಪಿಗೆ ಮನುಷ್ಯರು ಬೈಯುವ ಅಗತ್ಯ ಬೀಳುವುದಿಲ್ಲ. ಹಾಗೆಯೇ, ಹೊಸಬರ ಸಲ್ಲಿಕೆಯನ್ನು ಇಡಿಯಾಗಿ ತಿರಸ್ಕರಿಸುವ ಅಧಿಕಾರ ಒಬ್ಬರ ಕೈಯಲ್ಲಿ ಇರಕೂಡದು; ಇಬ್ಬರು ಒಪ್ಪಿದರೆ ಮಾತ್ರ ಎಂದು ಮಾಡಿ.

ಭಿನ್ನಾಭಿಪ್ರಾಯವನ್ನು ಮಾತ್ರ ಅಶಿಸ್ತಿನ ಪಟ್ಟಿಗೆ ಸೇರಿಸಬೇಡಿ. ‘ಕಡತ’ವೋ ‘ಫೈಲ್’ ಆಗಿಯೇ ಇರಲಿಯೋ ಎಂಬ ಜಗಳ ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ಇದೆ, ನಾವು ಸತ್ತ ಮೇಲೂ ಇರುತ್ತದೆ (ಪ್ರಶ್ನೆ ಕೇಳಿದವರ ಅಡ್ಡಹೆಸರು ನೋಡಿದರೆ ಅವರು ಯಾವ ಪಕ್ಷ ಎಂದು ಗೊತ್ತಾಗುತ್ತದೆ). ಹಿರಿಯರು ಅದರ ಬಗ್ಗೆ ಎಷ್ಟು ಗಟ್ಟಿಯಾಗಿ ವಾದಿಸಿದರೂ ವಾದಿಸಲಿ.

ಮತ್ತೆ, ನಿಯಮ ಮಾಡುವುದಾದರೆ ಅದು ನಿಮ್ಮ ಮೂವರಿಗೂ ಅನ್ವಯಿಸಬೇಕು. 2021ರ ನವೆಂಬರ್‌ನಲ್ಲಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಯೋಜನೆಯಲ್ಲಿ ಸದಸ್ಯರ ನಡತೆ ನೋಡಿಕೊಳ್ಳುವ ಮಾಡರೇಶನ್ ತಂಡ ಇಡಿಯಾಗಿ ರಾಜೀನಾಮೆ ಕೊಟ್ಟಿತು. ಯೋಜನೆಯನ್ನು ಮುನ್ನಡೆಸುವ ಕೋರ್ ತಂಡ ತನ್ನನ್ನು ಬಿಟ್ಟು ಬೇರೆ ಯಾರಿಗೂ ಉತ್ತರದಾಯಿಯಾಗಿಲ್ಲ, ಆದ್ದರಿಂದ ಸಂಹಿತೆಯನ್ನು ಎಲ್ಲರ ಮೇಲೂ ಸಮಾನವಾಗಿ ಜಾರಿ ಮಾಡಲು ತಮಗೆ ಸಾಧ್ಯವಾಗುತ್ತಿಲ್ಲ ಎಂಬುದು ಅವರ ದೂರು. ಅಷ್ಟು ದೊಡ್ಡ ಯೋಜನೆಯಲ್ಲಿ ಆದದ್ದು ಹತ್ತು ಜನರ ಬಳಗದಲ್ಲಿ ಇನ್ನೂ ಸುಲಭವಾಗಿ ಆಗುತ್ತದೆ. ನಿರ್ವಾಹಕರ ಮೇಲೆ ದೂರಿದ್ದರೆ ಯಾರ ಬಳಿಗೆ ಹೋಗಬೇಕು ಎಂಬುದನ್ನು ಹಿರಿಯರಿಗೆ ಬರೆಯುವ ಪತ್ರದಲ್ಲಿಯೇ ಹೇಳಿ.

ಶಿಕ್ಷೆ ಕೊಡಲೇಬೇಕಾದರೆ ಅದಕ್ಕೆ ಕೊನೆಯ ದಿನ ಇರಲಿ. 2024ರ ನವೆಂಬರ್‌ನಲ್ಲಿ ಕರ್ನೆಲ್‌ನ ಸಂಹಿತೆ ಸಮಿತಿ ಒಂದು ಫೈಲ್‌ಸಿಸ್ಟಮ್‌ನ ಮುಖ್ಯ ಅಭಿವೃದ್ಧಿಗಾರರ ಮೇಲೆ ಕ್ರಮ ಕೈಗೊಂಡಾಗ, 6.13 ಆವೃತ್ತಿಯ ಅವಧಿಯಲ್ಲಿ ಅವರು ಕೋಡ್ ಸೇರಿಸಲು ಕಳಿಸುವ ಪುಲ್ ರಿಕ್ವೆಸ್ಟ್‌ಗಳನ್ನು ಸ್ವೀಕರಿಸಬಾರದು ಎಂದು ಶಿಫಾರಸು ಮಾಡಿತು. ಒಂದು ಆವೃತ್ತಿ ಎಂದರೆ ಒಂಬತ್ತು ಹತ್ತು ವಾರ. ಅದು ಸರಿಯೋ ತಪ್ಪೋ ಎಂದು ಬಹಳ ಚರ್ಚೆಯಾಯಿತು. ಆದರೆ ಎಷ್ಟು ದಿನ, ಯಾವ ಮಾತಿಗಾಗಿ ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ.

ಕಡತಪಾಲಕ

ಮೂವರಿಗೂ ಧನ್ಯವಾದಗಳು. ನಾನು ಹುಡುಗನಿಗೆ ಫೋನ್ ಮಾಡಿರಲಿಲ್ಲ; ಅದನ್ನು ಓದಿ ನಾಚಿಕೆಯಾಯಿತು. ಇಂದು ಮಾಡಿದೆ. ಪರೀಕ್ಷೆ ಇದೆ, ಮುಗಿದ ಮೇಲೆ ನೋಡುತ್ತೇನೆ ಸರ್ ಎಂದ. ಬಿಟ್ಟುಹೋದ ಇನ್ನೂ ಐವರನ್ನು ಕೇಳಿದೆ. ಇಬ್ಬರು ಹಿರಿಯರ ಹೆಸರು ಹೇಳಿದರು, ಒಬ್ಬರು ನನ್ನ ಹೆಸರು ಹೇಳಿದರು (ಅವರು ಕಳಿಸಿದ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಎಂಟು ತಿಂಗಳು ನೋಡದೆ ಇಟ್ಟುಕೊಂಡಿದ್ದೆ), ಇಬ್ಬರಿಗೆ ಸಮಯ ಸಾಲದಾಗಿತ್ತು. ಖಾಸಗಿ ಸಂದೇಶದ ದೂರು ಯಾರಿಂದಲೂ ಬರಲಿಲ್ಲ.

ಆದರೆ ಹೊಸದೊಂದು ತೊಡಕು. ಮೂರು ವಾರದ ಹಿಂದೆ ಸೇರಿದ, ಒಂದು ಸಾಲನ್ನೂ ಅನುವಾದಿಸದ ಒಂದು ಖಾತೆಯಿಂದ ದಿನಕ್ಕೆರಡು ಸಂದೇಶ ಬರುತ್ತಿವೆ: ನಿರ್ವಾಹಕರಿಗೆ ಕೆಲಸ ಮಾಡುವ ಶಕ್ತಿ ಇಲ್ಲ, ಹಿರಿಯರಿಗೆ ಪೂರ್ತಿ ಅಧಿಕಾರ ಕೊಟ್ಟು ನೀವು ಇಳಿಯಿರಿ ಎಂದು. ಇದು ಅವರದೇ ಇನ್ನೊಂದು ಖಾತೆ ಎಂದು ನನ್ನ ಸಹನಿರ್ವಾಹಕರಿಗೆ ಖಾತ್ರಿ. ನಿಜ ಹೇಳಬೇಕೆಂದರೆ ಒಂದು ರಾತ್ರಿ ನನಗೂ ಕೊಟ್ಟುಬಿಡೋಣ ಎನ್ನಿಸಿತ್ತು.

ಉತ್ತರ: ಹಳೆಯ ಪ್ಯಾಚು

ಆ ರಾತ್ರಿಗಳ ಬಗ್ಗೆಯೇ ಎಚ್ಚರ ಬೇಕು. ಎಕ್ಸ್‌ಝಡ್ ಎಂಬ, ಫೈಲ್‌ಗಳನ್ನು ಕುಗ್ಗಿಸುವ ಸಾಧನದ ಕತೆ ನಿಮಗೆ ಗೊತ್ತಿರಬಹುದು. ಅದನ್ನು ಬಹುಪಾಲು ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅದರ ಮೇಲಿಂಗ್ ಲಿಸ್ಟ್‌ಗೆ ಹಿಂದೆ ಕಂಡಿರದ ವಿಳಾಸಗಳಿಂದ, ಪ್ಯಾಚ್‌ಗಳು ತಡವಾಗುತ್ತಿವೆ, ನಿರ್ವಾಹಕರಿಗೆ ಆಸಕ್ತಿ ಉಳಿದಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ ಎಂಬ ಒತ್ತಡದ ಪತ್ರಗಳು ಬಂದವು. ನಿರ್ವಾಹಕರು ತಮಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಎಂದು ಅಲ್ಲಿಯೇ ಬರೆದುಕೊಂಡರು. ಅದೇ ಹೊತ್ತಿನಲ್ಲಿ ವಿನಯದಿಂದ, ನಿಯಮಿತವಾಗಿ ಪ್ಯಾಚ್ ಕಳಿಸುತ್ತಿದ್ದ ‘ಜಿಯಾ ಟ್ಯಾನ್’ ಎಂಬ ಖಾತೆಗೆ ಕ್ರಮೇಣ ಅಧಿಕಾರ ಸಿಕ್ಕಿತು. 2024ರ ಆರಂಭದಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಹೊರಗಿನವರು ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲೊಂದನ್ನು ಅಡಗಿಸಿಡಲಾಗಿತ್ತು. ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ) ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಕಂಡು ಬೆನ್ನು ಹತ್ತಿದ ತಂತ್ರಾಂಶ ಅಭಿವೃದ್ಧಿಗಾರ ಆಂಡ್ರೆಸ್ ಫ್ರಾಯ್ಂಡ್ ಮಾರ್ಚ್ 29ರಂದು ಅದನ್ನು ಬಯಲು ಮಾಡದಿದ್ದರೆ, ಅದು ಅಸಂಖ್ಯ ಸರ್ವರ್‌ಗಳನ್ನು ಸೇರುತ್ತಿತ್ತು. ಒತ್ತಡ ಹಾಕಿದ ಆ ವಿಳಾಸಗಳು ಕೂಡ ಅದೇ ಸಂಚಿನ ಭಾಗವೆಂದೇ ಹೆಚ್ಚಿನವರು ಭಾವಿಸಿದ್ದಾರೆ. ಅಲ್ಲಿ ಕಾಟ ಕೊಟ್ಟವರು ಬೇರೆ, ಲಾಭ ಪಡೆದ ಖಾತೆ ಬೇರೆ. ಕಾಟ ಕೊಟ್ಟವರು ತಮಗಾಗಿ ಏನನ್ನೂ ಕೇಳಲಿಲ್ಲ, ಲಾಭ ಪಡೆದ ಖಾತೆ ಯಾರನ್ನೂ ಬೈಯಲಿಲ್ಲ.

ನಿಮ್ಮ ಗುಂಪಿನಲ್ಲಿ ಅಂಥ ಸಂಚಿದೆ ಎಂದು ನಾನು ನಂಬುವುದಿಲ್ಲ. ಅನುವಾದದ ಸಾಲುಗಳಲ್ಲಿ ಹಿಂಬಾಗಿಲು ಅಡಗಿಸಲು ಯಾರೂ ಮೂರು ವಾರ ವ್ಯಯಿಸಲಾರರು. ಅದು ಹಿರಿಯರ ಅಭಿಮಾನಿಯೋ, ತಂಗಿಯ ಮಗನೋ ಇರಬಹುದು. ಆದರೆ ಬೈಗುಳದ ಒತ್ತಡದಲ್ಲಿ ಕೀಲಿಕೈ ಕೊಡುವುದು ಎಲ್ಲಿಯೂ ಸಲ್ಲದು. ಅಧಿಕಾರ ಬದಲಾಗಬೇಕಿದ್ದರೆ ಮೂವರೂ ಎಚ್ಚರದಲ್ಲಿರುವ ಒಂದು ಭಾನುವಾರ ಬೆಳಿಗ್ಗೆ ಮಾತನಾಡಿ ತೀರ್ಮಾನಿಸಿ.

ಆ ಖಾತೆ ಯಾರದು ಎಂಬ ಪತ್ತೇದಾರಿಗೂ ಇಳಿಯಬೇಡಿ. ವಿಕಿಪೀಡಿಯದಲ್ಲಿ ಒಬ್ಬರೇ ಹಲವು ಖಾತೆ ನಡೆಸುತ್ತಿದ್ದಾರೆಯೇ ಎಂದು ತಾಂತ್ರಿಕವಾಗಿ ನೋಡುವ ಅಧಿಕಾರ ಚೆಕ್‌ಯೂಸರ್ ಎಂಬ ಬೆರಳೆಣಿಕೆಯ ಜನರಿಗೆ ಮಾತ್ರ ಇದೆ, ಅವರು ಕೂಡ ಊಹೆಯ ಮೇಲೆ ನೋಡುವಂತಿಲ್ಲ. ನಿಮ್ಮ ಕೈಯಲ್ಲಿ ಅಂಥ ಸಾಧನವೇ ಇಲ್ಲ. ಹಿರಿಯರ ಮೇಲೆ ಆರೋಪ ಹೊರಿಸಿ ಅದು ಸುಳ್ಳಾದರೆ, ಅವರ ಎಲ್ಲ ತಪ್ಪಿಗೂ ಆ ಒಂದು ಸುಳ್ಳು ರಕ್ಷೆಯಾಗುತ್ತದೆ. ಆ ಖಾತೆ ತನ್ನದೇ ನಡತೆಯಿಂದ ನಿಯಮ ಮೀರಿದೆ. ಅದಕ್ಕೆ ಅದರದ್ದೇ ಎಚ್ಚರಿಕೆ ಕೊಟ್ಟು, ಕೇಳದಿದ್ದರೆ ಅದರ ಬರೆಯುವ ಅವಕಾಶವನ್ನು ತಡೆಯಿರಿ. ಹಿರಿಯರ ಪತ್ರದಲ್ಲಿ ಆ ಖಾತೆಯ ಸುಳಿವೂ ಬೇಡ.

ಕಡತಪಾಲಕ (ಒಂದು ತಿಂಗಳ ನಂತರ)

ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಪತ್ರವನ್ನು ಮೂವರೂ ಸೇರಿ ಬರೆದೆವು. ಮೊದಲ ಕರಡು ಎರಡು ಪುಟ ಇತ್ತು, ಕಳಿಸಿದ್ದು ಹದಿಮೂರು ಸಾಲು. ಅದರ ನಡುವಿನ ಭಾಗ ಹೀಗಿತ್ತು: “ಮೇಲಿನ ನಾಲ್ಕೂ ಸಂದರ್ಭಗಳಲ್ಲಿ ನಿಮ್ಮ ತಾಂತ್ರಿಕ ಆಕ್ಷೇಪ ಸರಿಯಾಗಿತ್ತು. ನಾಲ್ಕರಲ್ಲಿಯೂ ಆ ಸದಸ್ಯರು ಒಂದು ವಾರದೊಳಗೆ ಬಳಗ ಬಿಟ್ಟರು. ಇನ್ನು ಮುಂದೆ ತಿದ್ದುಪಡಿಯ ಟಿಪ್ಪಣಿ ಅನುವಾದದ ಬಗ್ಗೆ ಮಾತ್ರ ಇರಬೇಕು, ಅನುವಾದಿಸಿದವರ ಬಗ್ಗೆ ಇರಬಾರದು. ಇದು ಮರುಕಳಿಸಿದರೆ 30 ದಿನ ನಿಮಗೆ ಗುಂಪಿನಲ್ಲಿ ಬರೆಯಲು ಮತ್ತು ಸಲ್ಲಿಕೆಗಳನ್ನು ತಿರಸ್ಕರಿಸಲು ಅವಕಾಶ ಇರುವುದಿಲ್ಲ.” ಕೊನೆಯಲ್ಲಿ, ನಮ್ಮ ಮೇಲೆ ದೂರಿದ್ದರೆ ಹೇಳಿಕೊಳ್ಳಲು ನಿರ್ವಾಹಕರಲ್ಲದ ಇಬ್ಬರು ಸದಸ್ಯರನ್ನು ಸೂಚಿಸಿದ್ದೆವು.

ಐದು ದಿನ ಉತ್ತರವಿರಲಿಲ್ಲ. ಆರನೆಯ ದಿನ ಬಂದ ಉತ್ತರ ನಮ್ಮ ಪತ್ರದ ಎರಡರಷ್ಟಿತ್ತು. ನಾಲ್ಕರಲ್ಲಿ ಎರಡು ಸಂದರ್ಭಗಳನ್ನು ಅವರು ಒಪ್ಪಲಿಲ್ಲ. ಹೊಸಬರಿಗೆ ಕೈಪಿಡಿ ಬರೆಯಬೇಕೆಂದು ಎರಡು ವರ್ಷದ ಹಿಂದೆಯೇ ತಾವು ಹೇಳಿದ್ದನ್ನೂ, ನಾನು “ನೋಡೋಣ” ಎಂದಿದ್ದನ್ನೂ ದಿನಾಂಕದ ಸಮೇತ ತೋರಿಸಿದ್ದರು. ಹುಡುಕಿ ನೋಡಿದೆ, ನಿಜ. ಅದಕ್ಕಾಗಿ ನಾನು ಗುಂಪಿನಲ್ಲಿಯೇ ಕ್ಷಮೆ ಕೇಳಿದೆ. ಅವರು ಕ್ಷಮೆ ಕೇಳಲಿಲ್ಲ.

ಆ ಹೊಸ ಖಾತೆ ಮೊದಲ ಎಚ್ಚರಿಕೆಗೆ ಬೈದು ತಾನೇ ಹೊರಟುಹೋಯಿತು. ಸ್ಕ್ರಿಪ್ಟನ್ನು, ನಾನು ಬರೆದ ಅರೆಬರೆ ಆವೃತ್ತಿಯನ್ನು ನೋಡಲಾರದೆ, ಹಿರಿಯರೇ ಮತ್ತೆ ಬರೆದರು. ಓಡಿಸಿದಾಗ ನಮ್ಮ ಈಗಿನ ಅನುವಾದಗಳಲ್ಲಿಯೇ 318 ಕಡೆ ಎಚ್ಚರಿಕೆ ಬಂತು. ಅದರಲ್ಲಿ 26 ಅವರದೇ ಸಾಲುಗಳು. ಅದನ್ನು ಅವರೇ ಗುಂಪಿನಲ್ಲಿ ಹಾಕಿದರು, ಯಾವ ವಿವರಣೆಯೂ ಇಲ್ಲದೆ. ಹುಡುಗನ ಪರೀಕ್ಷೆ ಮುಂದಿನ ವಾರ ಮುಗಿಯುತ್ತದೆ. ಅವನ 33 ಸಾಲುಗಳು ಅವನ ಹೆಸರಿನಲ್ಲಿ ಸೇರಿವೆ, ಒಪ್ಪಿದವರ ಜಾಗದಲ್ಲಿ ಸದ್ಯಕ್ಕೆ ನನ್ನ ಹೆಸರು ಮತ್ತು ಇನ್ನೊಬ್ಬ ನಿರ್ವಾಹಕರ ಹೆಸರು ಇದೆ.